ಕಚೇರಿ ಇತ್ತ, ಕಾರ್ಖಾನೆ ಅತ್ತಿಬೆಲೆಯಾಚೆ

ಟೈಟಾನ್ ಕಂಪನಿಯ ಈಚಿನ ವಾರ್ಷಿಕ ವರದಿ ಯಾವುದನ್ನೇ ತೆಗೆದರೂ ಎರಡು ವಿಳಾಸ ಕಾಣುತ್ತವೆ. ನೋಂದಾಯಿತ ಕಚೇರಿ ತಮಿಳುನಾಡಿನ ಹೊಸೂರಿನಲ್ಲಿ, ಸಿಪ್ಕಾಟ್ ಕೈಗಾರಿಕಾ ಪ್ರದೇಶದೊಳಗೆ. ಕಾರ್ಪೊರೇಟ್ ಕಚೇರಿ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಎರಡಕ್ಕೂ ನಡುವೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ಒಂದು ರಾಜ್ಯದ ಗಡಿ, ಮತ್ತು ಅತ್ತಿಬೆಲೆಯ ಟ್ರಾಫಿಕ್. ವಾಚು ತಯಾರಾಗುವುದು ಆ ಕಡೆ, ಯಾವ ವಾಚು ತಯಾರಾಗಬೇಕು ಎಂದು ತೀರ್ಮಾನವಾಗುವುದು ಈ ಕಡೆ.

ಇದು ನಿನ್ನೆ ಮೊನ್ನೆಯ ಏರ್ಪಾಡಲ್ಲ. 1984ರಲ್ಲಿ ಟಾಟಾ ಸಮೂಹವೂ ತಮಿಳುನಾಡು ಸರ್ಕಾರದ ಕೈಗಾರಿಕಾಭಿವೃದ್ಧಿ ನಿಗಮವಾದ ಟಿಡ್ಕೋವೂ ಸೇರಿ ಈ ಕಂಪನಿ ಕಟ್ಟಿದವು. ವಾಚು ಮಾಡುವ ಕೈಗಳು ಇದ್ದದ್ದು ಬೆಂಗಳೂರಿನಲ್ಲಿ, ಎಚ್‌ಎಂಟಿಯ ದಯೆಯಿಂದ. ಜಾಗ, ಬಂಡವಾಳ, ರಿಯಾಯಿತಿ ಇದ್ದದ್ದು ಗಡಿಯಾಚೆ. ಮೊದಲ ವ್ಯವಸ್ಥಾಪಕ ನಿರ್ದೇಶಕ ಜೆರ್ಕ್ಸಿಸ್ ದೇಸಾಯಿ ಎರಡನ್ನೂ ಒಟ್ಟಿಗೆ ಹಿಡಿದರು. ಇಂದಿಗೂ ಟೈಟಾನ್‌ನ ಅತಿ ದೊಡ್ಡ ಏಕ ಷೇರುದಾರ ಟಾಟಾ ಸನ್ಸ್ ಅಲ್ಲ, ಶೇ 27.88ರಷ್ಟು ಪಾಲಿರುವ ಟಿಡ್ಕೋ. ಕರ್ನಾಟಕಕ್ಕೆ ದಕ್ಕಿದ್ದು ಕಚೇರಿ ಮತ್ತು ಅದರ ಸಂಬಳದಾರರು. ತಮಿಳುನಾಡಿಗೆ ಕಾರ್ಖಾನೆಯ ಜೊತೆಗೆ ಲಾಭಾಂಶವೂ ಬರುತ್ತಿದೆ. ನಲವತ್ತು ವರ್ಷದ ಹಿಂದಿನ ಆ ಹಂಚಿಕೆಯಲ್ಲಿ ಯಾರು ಜಾಣರು ಎಂದು ಕೇಳಿದರೆ, ನನ್ನ ಮತ ಚೆನ್ನೈಗೆ.

'ಕಂಪನಿ ರಾಜ್ಯ ಬಿಟ್ಟಿತು' ಎಂಬ ಸುದ್ದಿ ಈಗ ತಿಂಗಳಿಗೊಮ್ಮೆಯಾದರೂ ಬರುತ್ತದೆ. ವಿರೋಧ ಪಕ್ಷ ಅದನ್ನು ಹಿಡಿದು ಸರ್ಕಾರವನ್ನು ಝಾಡಿಸುತ್ತದೆ, ಸರ್ಕಾರ ಅಂಕಿಅಂಶ ಮುಂದಿಡುತ್ತದೆ, ಪಕ್ಕದ ರಾಜ್ಯದ ಮಂತ್ರಿ 'ನಮ್ಮಲ್ಲಿ ಬನ್ನಿ' ಎಂದು ಎಕ್ಸ್‌ನಲ್ಲಿ ಬರೆಯುತ್ತಾರೆ. ಈ ಗದ್ದಲದಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಕಲೆಸಿಹೋಗುತ್ತವೆ: ಕಾಗದದ ಮೇಲಿನ ವಿಳಾಸ, ದೊಡ್ಡವರು ಕೂರುವ ಕಚೇರಿ, ಮತ್ತು ಯಂತ್ರ ಓಡುವ ಶೆಡ್ಡು. ಮೂರೂ ಬೇರೆ ಬೇರೆ ಕಾರಣಕ್ಕೆ ಜಾಗ ಬಿಡುತ್ತವೆ, ಬೇರೆ ಬೇರೆ ವೇಗದಲ್ಲಿ ಬಿಡುತ್ತವೆ.

ಮೊದಲನೆಯದನ್ನು ಬೇಗ ಮುಗಿಸಬಹುದು. 2013ರ ಕಂಪನಿ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ನೋಂದಾಯಿತ ಕಚೇರಿಯನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಒಯ್ಯಲು ಷೇರುದಾರರ ವಿಶೇಷ ನಿರ್ಣಯ ಬೇಕು, ಕೇಂದ್ರದ ಒಪ್ಪಿಗೆ ಬೇಕು. ಪತ್ರಿಕೆಗಳ ಒಳಪುಟದಲ್ಲಿ ಇಂಗ್ಲಿಷಿನಲ್ಲೊಂದು, ಸ್ಥಳೀಯ ಭಾಷೆಯಲ್ಲೊಂದು ಪುಟ್ಟ ಜಾಹೀರಾತು ಬರುತ್ತದಲ್ಲ, ಯಾರೂ ಓದದ್ದು, ಅದು ಇದೇ. ಹಿಂದೆ ರಾಜ್ಯಗಳು ಇಂಥ ಸ್ಥಳಾಂತರಕ್ಕೂ ಅಡ್ಡ ನಿಂತದ್ದುಂಟು. 1950ರ ದಶಕದಲ್ಲಿ ಓರಿಯಂಟ್ ಪೇಪರ್ ಮಿಲ್ಸ್ ತನ್ನ ವಿಳಾಸವನ್ನು ಒಡಿಶಾದಿಂದ ಪಶ್ಚಿಮ ಬಂಗಾಳಕ್ಕೆ ಬದಲಿಸಲು ಹೊರಟಾಗ, ತನ್ನ ವರಮಾನಕ್ಕೆ ಕುತ್ತು ಎಂದು ಒಡಿಶಾ ನ್ಯಾಯಾಲಯದಲ್ಲಿ ವಾದಿಸಿ ಗೆದ್ದಿತ್ತು. ಮುಂದೆ ಕಲ್ಕತ್ತ, ಬಾಂಬೆ ಹೈಕೋರ್ಟುಗಳು ಆ ವಾದವನ್ನು ಒಪ್ಪಲಿಲ್ಲ. ಈಗ ಇದು ಬಹುಮಟ್ಟಿಗೆ ಕಡತದ ಕೆಲಸ.

ಕಚೇರಿಯ ಕಥೆ ಇನ್ನಷ್ಟು ಸ್ವಾರಸ್ಯದ್ದು, ಏಕೆಂದರೆ ಇಲ್ಲಿ ನಾವು ಅಮೆರಿಕದ ಸುದ್ದಿ ಓದಿ ಭಾರತವನ್ನು ಅರ್ಥಮಾಡಿಕೊಳ್ಳಲು ಹೋಗಿ ಎಡವುತ್ತೇವೆ. ಟೆಸ್ಲಾ 2021ರಲ್ಲಿ ತನ್ನ ಮುಖ್ಯ ಕಚೇರಿಯನ್ನು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಿಂದ ಟೆಕ್ಸಸ್‌ನ ಆಸ್ಟಿನ್‌ಗೆ ಒಯ್ಯಿತು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯವೇ ವಿಧಿಸುವ ವೈಯಕ್ತಿಕ ಆದಾಯ ತೆರಿಗೆ ಗರಿಷ್ಠ ಹಂತದಲ್ಲಿ ಶೇ 13.3, ಟೆಕ್ಸಸ್‌ನಲ್ಲಿ ಅಂಥ ತೆರಿಗೆಯೇ ಇಲ್ಲ. ಕೋಟ್ಯಂತರ ಡಾಲರ್ ಸಂಬಳ ಎಣಿಸುವವರಿಗೆ ಇದು ಸಣ್ಣ ಮಾತಲ್ಲ. ನಮ್ಮಲ್ಲಿ ಕಂಪನಿ ತೆರಿಗೆಯೂ ಆದಾಯ ತೆರಿಗೆಯೂ ದಿಲ್ಲಿಗೆ ಸೇರಿದ್ದು. ಬೆಂಗಳೂರಿನಲ್ಲಿ ಕೂತರೂ ಭೋಪಾಲದಲ್ಲಿ ಕೂತರೂ ದರ ಒಂದೇ. ರಾಜ್ಯ ಸಂಬಳದಾರನಿಂದ ನೇರವಾಗಿ ಕೀಳಬಹುದಾದದ್ದು ವೃತ್ತಿ ತೆರಿಗೆ ಮಾತ್ರ, ಅದಕ್ಕೂ ಸಂವಿಧಾನವೇ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. ಇಷ್ಟು ಉಳಿಸಲು ಯಾವ ಮಾಲೀಕನೂ ಊರು ಬಿಡುವುದಿಲ್ಲ.

ಹಾಗಾದರೆ ಕಚೇರಿ ಎಲ್ಲಿಗೆ ಹೋಗುತ್ತದೆ? ಜನ ಇರುವಲ್ಲಿಗೆ. ಟೆಸ್ಲಾ ಕೂಡ 2023ರಲ್ಲಿ ಪಾಲೊ ಆಲ್ಟೊಗೇ ಮರಳಿ ತನ್ನ ಎಂಜಿನಿಯರಿಂಗ್ ಮುಖ್ಯ ಕಚೇರಿ ತೆರೆಯಿತು. ತೆರಿಗೆ ಕಡಿಮೆಯಿದ್ದ ಮಾತ್ರಕ್ಕೆ ಎಂಜಿನಿಯರುಗಳು ಮನೆ ಮಾರಿ ಹಿಂದೆ ಬರುವುದಿಲ್ಲ. ಬೋಯಿಂಗ್ ಕಥೆಯಲ್ಲಿ ಇದಕ್ಕಿಂತ ದೊಡ್ಡ ಪಾಠವಿದೆ. ವಿಮಾನ ಕಟ್ಟುವ ಸಿಯಾಟಲ್ ಬಿಟ್ಟು ಅದರ ಮುಖ್ಯ ಕಚೇರಿ 2001ರಲ್ಲಿ ಷಿಕಾಗೊಕ್ಕೆ ಹೋಯಿತು. ಕಾರ್ಖಾನೆಯಿಂದ ದೂರ ಕೂತರೆ ಆಡಳಿತಗಾರರ ದೃಷ್ಟಿ ವಿಶಾಲವಾಗುತ್ತದೆ ಎಂಬ ವಾದ ಆಗ ಚಲಾವಣೆಯಲ್ಲಿತ್ತು. 2022ರಲ್ಲಿ ಅಲ್ಲಿಂದ ಪೆಂಟಗನ್ ಪಕ್ಕದ ಆರ್ಲಿಂಗ್ಟನ್‌ಗೆ. 2024ರ ಜನವರಿಯಲ್ಲಿ ಹಾರುತ್ತಿದ್ದ ವಿಮಾನದ ಬಾಗಿಲ ಜಾಗದ ಫಲಕ ಕಿತ್ತುಹೋದ ಮೇಲೆ, ಅದೇ ವರ್ಷ ಬಂದ ಹೊಸ ಮುಖ್ಯಸ್ಥ ಕೆಲ್ಲಿ ಆರ್ಟ್‌ಬರ್ಗ್ ಸಿಯಾಟಲ್‌ನಲ್ಲೇ ಮನೆ ಮಾಡಿದರು. ವಿಶಾಲ ದೃಷ್ಟಿಗಿಂತ ಶೆಡ್ಡಿನ ಕಡೆ ಒಂದು ಕಣ್ಣು ಇರುವುದು ವಾಸಿ ಎಂದು ಕಂಡಿರಬೇಕು.

ನಮ್ಮಲ್ಲಿ ಕಚೇರಿ ಮೆಲ್ಲಗೆ ಜಾರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಬ್ರಿಟಾನಿಯಾ 1892ರಲ್ಲಿ ಕಲ್ಕತ್ತದಲ್ಲಿ ಹುಟ್ಟಿದ ಬಿಸ್ಕತ್ತು. ನೋಂದಾಯಿತ ಕಚೇರಿ ಇಂದಿಗೂ ಅಲ್ಲಿನ ಹಂಗರ್‌ಫರ್ಡ್ ಬೀದಿಯಲ್ಲಿದೆ. ಆದರೆ ಕಾರ್ಯನಿರ್ವಾಹಕ ಕಚೇರಿ ಇರುವುದು ನಮ್ಮ ವೈಟ್‌ಫೀಲ್ಡಿನಲ್ಲಿ. 2024ರಲ್ಲಿ ಕೋಲ್ಕತ್ತದ ತಾರಾತಲಾ ಕಾರ್ಖಾನೆಯ ಕಾಯಂ ಕಾರ್ಮಿಕರೆಲ್ಲ ಸ್ವಯಂ ನಿವೃತ್ತಿ ಒಪ್ಪಿ, ಅಲ್ಲಿ ಉತ್ಪಾದನೆ ನಿಂತಾಗ ಬಂಗಾಳದಲ್ಲಿ ದೊಡ್ಡ ರಾಜಕೀಯ ಜಗಳವಾಯಿತು. ಕಚೇರಿ ಜಾರಿದಾಗ ಇಷ್ಟು ಗಲಾಟೆ ಆಗಿರಲಿಲ್ಲ. ಬೆಂಗಳೂರು ಕಳೆದುಕೊಳ್ಳುತ್ತಿದೆ ಎಂದು ಕೊರಗುವಾಗ, ಬೇರೆಯವರು ಕಳೆದುಕೊಂಡದ್ದರಲ್ಲಿ ನಮ್ಮ ಪಾಲೆಷ್ಟು ಎಂಬುದನ್ನೂ ನೆನೆಯುವುದು ಒಳ್ಳೆಯದು.

ಇನ್ನು ಕಾರ್ಖಾನೆ. ಇದರ ವಿಷಯದಲ್ಲಿ ಬಂಗಾಳದ ಸಿಂಗೂರಿಗಿಂತ ದೊಡ್ಡ ಪಾಠ ನಮ್ಮ ದೇಶದಲ್ಲಿಲ್ಲ.

ಒಂದು ಕಾಲಕ್ಕೆ ಕಬ್ಬಿಣ, ಕಲ್ಲಿದ್ದಲು, ಬಂದರು ಮೂರೂ ಕೈಗೆಟಕುವಂತಿದ್ದ ಬಂಗಾಳದಲ್ಲೇ ಎಂಜಿನಿಯರಿಂಗ್ ಉದ್ಯಮ ಬೆಳೆದಿತ್ತು. ಆದರೆ 1950ರ ದಶಕದಲ್ಲಿ ಕೇಂದ್ರ ಸರ್ಕಾರ ಸಾಗಣೆ ವೆಚ್ಚ ಸಮೀಕರಣ ನೀತಿ ತಂದಿತು. ಉಕ್ಕು ಜಮ್ಶೆಡ್‌ಪುರದ ಗೇಟಿನಲ್ಲಿ ಕೊಂಡರೂ ಬಾಂಬೆಯಲ್ಲಿ ಕೊಂಡರೂ ಒಂದೇ ಬೆಲೆ. ಗಣಿಯ ಪಕ್ಕ ಇರುವ ಲಾಭವೇ ಹೋಯಿತು. ಬಂಗಾಳ, ಬಿಹಾರ ಬಿಟ್ಟು ಸಮುದ್ರದಾಚೆಯ ವ್ಯಾಪಾರವಿದ್ದ ಪಶ್ಚಿಮ ಕರಾವಳಿಗೆ ಕಾರ್ಖಾನೆ ಹಾಕಿದರೆ ನಷ್ಟವೇನೂ ಇಲ್ಲ ಎಂದಾಯಿತು. 1990ರ ದಶಕದ ಆರಂಭದಲ್ಲಿ ಈ ನೀತಿ ಹೋಗುವ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿತ್ತು. ಇದಕ್ಕೆ 1960ರ ದಶಕದ ಕೊನೆಯ ಘೇರಾವ್‌ಗಳೂ ಸೇರಿ ಬಂಡವಾಳ ಅಲ್ಲಿಂದ ಕಾಲ್ತೆಗೆಯಿತು. ಬಂಗಾಳದ ಕುಸಿತಕ್ಕೆ ಕೆಂಬಾವುಟವನ್ನಷ್ಟೇ ದೂರುವವರು ದಿಲ್ಲಿಯ ಈ ಕಡತವನ್ನೂ ಒಮ್ಮೆ ಬಿಡಿಸಬೇಕು.

ಆ ಕಳಂಕ ತೊಳೆಯಲು ಮುಖ್ಯಮಂತ್ರಿ ಬುದ್ಧದೇವ ಭಟ್ಟಾಚಾರ್ಯ ಟಾಟಾ ನ್ಯಾನೊ ಕಾರಿನ ಕಾರ್ಖಾನೆಯನ್ನು 2006ರಲ್ಲಿ ಹೂಗ್ಲಿ ಜಿಲ್ಲೆಯ ಸಿಂಗೂರಿಗೆ ತಂದರು. 997 ಎಕರೆ, ಹೆಚ್ಚಿನದು ಬೆಳೆ ಬರುವ ಫಲವತ್ತು ನೆಲ. ಸ್ವಾಧೀನ ಆದದ್ದು 1894ರ ಬ್ರಿಟಿಷರ ಕಾಯ್ದೆಯಡಿ. ಪರಿಹಾರ ಒಪ್ಪದ ರೈತರು, ಯಾವ ಪರಿಹಾರಕ್ಕೂ ಲೆಕ್ಕಕ್ಕೆ ಬಾರದ ಗೇಣಿದಾರರು ಬೀದಿಗಿಳಿದರು. ಮಮತಾ ಬ್ಯಾನರ್ಜಿ 26 ದಿನ ಉಪವಾಸ ಕೂತರು. ಅಷ್ಟರಲ್ಲಿ ಶೆಡ್ಡುಗಳು ಎದ್ದಿದ್ದವು, ಬಿಡಿಭಾಗ ಮಾಡುವ ವೆಂಡರುಗಳು ಪಕ್ಕದಲ್ಲೇ ಕಟ್ಟಡ ಹಾಕುತ್ತಿದ್ದರು, 2008ರ ಜನವರಿಯಲ್ಲಿ ದಿಲ್ಲಿಯ ವಾಹನ ಮೇಳದಲ್ಲಿ ಕಾರು ಅನಾವರಣವೂ ಆಗಿತ್ತು. ಅಕ್ಟೋಬರ್ 3ರಂದು ರತನ್ ಟಾಟಾ ಸಿಂಗೂರು ಬಿಡುತ್ತಿದ್ದೇವೆ ಎಂದರು. ನಾಲ್ಕೇ ದಿನ. ಅಕ್ಟೋಬರ್ 7ರಂದು ಗುಜರಾತಿನ ಸಾಣಂದ್‌ಗೆ ಒಪ್ಪಂದಕ್ಕೆ ಸಹಿ ಬಿತ್ತು.

ಆ ನಾಲ್ಕು ದಿನದ ಬಗ್ಗೆ ಒಂದು ದಂತಕಥೆಯೇ ಹುಟ್ಟಿಕೊಂಡಿದೆ. ಅಂದಿನ ಮುಖ್ಯಮಂತ್ರಿ ನರೇಂದ್ರ ಮೋದಿ ರತನ್ ಟಾಟಾಗೆ 'ಸುಸ್ವಾಗತಂ' ಎಂದು ಒಂದು ರೂಪಾಯಿಯ ಎಸ್ಸೆಮ್ಮೆಸ್ ಕಳಿಸಿದರು, ಕಾರ್ಖಾನೆ ಬಂತು ಎಂಬುದು ಅವರೇ ಮತ್ತೆ ಮತ್ತೆ ಹೇಳಿದ ಕಥೆ. ಮೆಸೇಜು ನಿಜವೇ ಇರಲಿ. ಸಾಣಂದ್ ಗೆದ್ದದ್ದು ಮೆಸೇಜಿನಿಂದಲ್ಲ, ಅಲ್ಲಿ ಸುಮಾರು 1,100 ಎಕರೆ ಸರ್ಕಾರದ ಕೈಯಲ್ಲೇ ಇತ್ತು ಎಂಬುದರಿಂದ. ಅದು ಆಣಂದ್ ಕೃಷಿ ವಿಶ್ವವಿದ್ಯಾಲಯದ ಜಮೀನು. ಯಾರನ್ನೂ ಒಕ್ಕಲೆಬ್ಬಿಸಬೇಕಿರಲಿಲ್ಲ, ಯಾರ ಪಹಣಿಯನ್ನೂ ತಿದ್ದಬೇಕಿರಲಿಲ್ಲ. ಅದೇ ದಿನಗಳಲ್ಲಿ ಕರ್ನಾಟಕವೂ ಧಾರವಾಡದ ಕಡೆ ಬನ್ನಿ ಎಂದು ಟಾಟಾಗೆ ಜಾಗ ತೋರಿಸಿತ್ತು. ಅಲ್ಲಿ ಟಾಟಾದ್ದೇ ಮಾರ್ಕೊಪೋಲೊ ಬಸ್ಸಿನ ಕಾರ್ಖಾನೆಯ ಕೆಲಸ ನಡೆದಿತ್ತು. ಕಾರು ಬರಲಿಲ್ಲ.

ಯಂತ್ರಗಳು ತಿಂಗಳುಗಟ್ಟಲೆ ಲಾರಿಗಳಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹೋದವು. ಸಾಣಂದ್ ಕಾರ್ಖಾನೆ 2010ರ ಜೂನ್‌ನಲ್ಲಿ ತೆರೆಯುವವರೆಗೆ ಮೊದಲ ನ್ಯಾನೊಗಳು ತಯಾರಾದದ್ದು ಉತ್ತರಾಖಂಡದ ಪಂತನಗರದಲ್ಲಿ. ಪಂತನಗರದಲ್ಲಿ ಟಾಟಾ ಕಾರ್ಖಾನೆ ಯಾಕಿತ್ತು ಎಂದರೆ ಅದೂ ಒಂದು ಸ್ಥಳಾಂತರದ ಕಥೆಯೇ. 2003ರಲ್ಲಿ ಕೇಂದ್ರ ಸರ್ಕಾರ ಉತ್ತರಾಖಂಡ, ಹಿಮಾಚಲಗಳಿಗೆ ಹತ್ತು ವರ್ಷದ ಅಬಕಾರಿ ಸುಂಕ ವಿನಾಯಿತಿ, ಐದು ವರ್ಷದ ಪೂರ್ಣ ಆದಾಯ ತೆರಿಗೆ ವಿನಾಯಿತಿ ಕೊಟ್ಟಿತು. ದೇಶದ ಔಷಧ ಕಂಪನಿಗಳು ಹಿಮಾಚಲದ ಬದ್ದಿಗೆ ನುಗ್ಗಿದವು. ಪಕ್ಕದ ಪಂಜಾಬ್ ತನ್ನ ಕಾರ್ಖಾನೆಗಳು ಗುಡ್ಡ ಹತ್ತುತ್ತಿವೆ ಎಂದು ವರ್ಷಗಟ್ಟಲೆ ಗೋಳಾಡಿತು.

ನ್ಯಾನೊ ಸೋತಿತು. 2018ರ ಹೊತ್ತಿಗೆ ಲೈನ್ ಬಹುತೇಕ ನಿಂತೇಹೋಯಿತು. ಆದರೆ ಸಾಣಂದ್ ಸೋಲಲಿಲ್ಲ ಎಂಬುದನ್ನು ಗಮನಿಸಬೇಕು. ಅದೇ ಶೆಡ್ಡಿನಲ್ಲಿ ಟಿಯಾಗೊ, ಟಿಗೊರ್ ತಯಾರಾದವು. ವೆಂಡರುಗಳು ಬಂದು ನೆಲೆಸಿದ್ದರಿಂದ ಫೋರ್ಡ್ ಅಲ್ಲೇ ಕಾರ್ಖಾನೆ ಹಾಕಿತು. ಫೋರ್ಡ್ ಭಾರತ ಬಿಟ್ಟಾಗ ಅದನ್ನು ಟಾಟಾ ಸುಮಾರು 726 ಕೋಟಿ ರೂಪಾಯಿಗೆ ಕೊಂಡಿತು. ಅಷ್ಟೇನೂ ದೂರವಲ್ಲದ ಹಾಂಸಲ್ಪುರದಲ್ಲಿ 2017ರಲ್ಲಿ ಸುಜುಕಿ ಶುರುವಾಯಿತು. ಒಂದು ದೊಡ್ಡ ಕಂಪನಿಯನ್ನು ಹಿಡಿದುಕೊಂಡರೆ ಸಿಗುವುದು ಆ ಕಂಪನಿಯಲ್ಲ, ಅದರ ಹಿಂದೆ ಬರುವ ಟೂಲ್‌ರೂಮು, ಪೇಂಟು ಹೊಡೆಯುವ ಘಟಕ, ರಬ್ಬರು ಬುಷ್ ಮಾಡುವವನು. ಸಿಂಗೂರು ನಿಜಕ್ಕೂ ಕಳೆದುಕೊಂಡದ್ದು ಇವರನ್ನು.

ಸಬ್ಸಿಡಿಯೇ ಕಂಪನಿಗಳನ್ನು ಎಳೆಯುತ್ತದೆ ಎಂಬ ಮಾತಿನ ಮೇಲೆ ನನಗೆ ಅನುಮಾನವಿದೆ. ಜಾಗ, ನೀರು, ವಿದ್ಯುತ್ತು, ವೆಂಡರು, ಬಂದರಿನ ದೂರ ಇವನ್ನೆಲ್ಲ ಲೆಕ್ಕಹಾಕಿ ಎರಡೋ ಮೂರೋ ಊರಿನ ಪಟ್ಟಿ ಮಾಡಿದ ಮೇಲೆ, ಕೊನೆಗೆ ಯಾರು ಹೆಚ್ಚು ಬಿಡುತ್ತಾರೆ ಎಂದು ನೋಡುತ್ತಾರೆ. ಪಟ್ಟಿಯಲ್ಲಿ ಇಲ್ಲದ ಊರು ಏನು ಕೊಟ್ಟರೂ ಬರುವುದಿಲ್ಲ. ಎಷ್ಟೋ ಸಲ 'ಹೋಗುತ್ತೇವೆ' ಎಂಬುದೇ ಚೌಕಾಸಿಯ ಮಾತು. 2022ರಲ್ಲಿ ವೇದಾಂತ-ಫಾಕ್ಸ್‌ಕಾನ್ ಜೋಡಿ 1.54 ಲಕ್ಷ ಕೋಟಿಯ ಚಿಪ್ ಯೋಜನೆಗೆ ಮಹಾರಾಷ್ಟ್ರವನ್ನು ಬಿಟ್ಟು ಗುಜರಾತನ್ನು ಆರಿಸಿದಾಗ ಮುಂಬೈಯಲ್ಲಿ ಕೋಲಾಹಲವೇ ಆಯಿತು. ಮರುವರ್ಷ ಜುಲೈನಲ್ಲಿ ಫಾಕ್ಸ್‌ಕಾನ್ ಹಿಂದೆ ಸರಿಯಿತು. ಎರಡು ರಾಜ್ಯ ಕಾದಾಡಿದ ಆ ಯೋಜನೆ ಯಾರಿಗೂ ದಕ್ಕಲಿಲ್ಲ.

ಆದರೆ ಕಿರುಕುಳ ಮಾತ್ರ ನಿಜವಾದ ಕಾರಣ. 2021ರಲ್ಲಿ ಕೇರಳದ ಕಿಟೆಕ್ಸ್, ಒಂದೇ ತಿಂಗಳಲ್ಲಿ ಹನ್ನೊಂದು ತಪಾಸಣೆ ಎಂದು ದೂರಿ 3,500 ಕೋಟಿಯ ಯೋಜನೆಯನ್ನು ಕೈಬಿಟ್ಟಾಗ, ತೆಲಂಗಾಣ ಸರ್ಕಾರ ಅದರ ಮಾಲೀಕರನ್ನು ಕರೆತರಲು ಕೊಚ್ಚಿಗೆ ವಿಮಾನವನ್ನೇ ಕಳಿಸಿತು. ಬಟ್ಟೆ ಕಾರ್ಖಾನೆ ವಾರಂಗಲ್ ಕಡೆ ಎದ್ದಿತು. ಕಿಳಕ್ಕಂಬಲದ ಹಳೆಯ ಕಾರ್ಖಾನೆ ಮುಚ್ಚಲಿಲ್ಲ ಎಂಬುದು ಸುದ್ದಿಯಲ್ಲಿ ಅಷ್ಟಾಗಿ ಕಾಣಲಿಲ್ಲ.

ಅದೇ ಮುಖ್ಯ. ನಮ್ಮ ದೇಶದಲ್ಲಿ ಓಡುವ ಕಾರ್ಖಾನೆಯನ್ನು ಕಿತ್ತು ಒಯ್ಯುವುದು ಅಪರೂಪ. ಮುಚ್ಚಲು ಸರ್ಕಾರದ ಅನುಮತಿ ಬೇಕಿತ್ತು. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ನೂರು ಕಾರ್ಮಿಕರಿದ್ದರೆ ಸಾಕು, ಈ ಷರತ್ತು ಬೀಳುತ್ತಿತ್ತು. ಹಾಗಾಗಿ ಕಂಪನಿಗಳು ಬೇರೆ ದಾರಿ ಹಿಡಿದವು. ಹಳೆಯ ಘಟಕಕ್ಕೆ ಹೊಸ ಮಾಡೆಲ್ ಕೊಡುವುದಿಲ್ಲ. ಯಂತ್ರ ಹಳತಾದರೆ ಬದಲಿಸುವುದಿಲ್ಲ. ನಿವೃತ್ತರಾದವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಒಂದು ದಿನ ಸ್ವಯಂ ನಿವೃತ್ತಿಯ ನೋಟಿಸು ಬರುತ್ತದೆ. ಪತ್ರಿಕೆಯವರು ಬರುವುದು ಆ ದಿನ. ಕಂಪನಿ ಹೋದದ್ದು ಅದಕ್ಕೆ ಹತ್ತು ವರ್ಷ ಹಿಂದೆ, ಹೊಸ ಲೈನ್ ಎಲ್ಲಿ ಹಾಕಬೇಕೆಂದು ಮಂಡಳಿಯ ಸಭೆಯಲ್ಲಿ ತೀರ್ಮಾನವಾದ ದಿನ.

ಬೆಂಗಳೂರಿನ ಮಟ್ಟಿಗೆ ಕಾರ್ಖಾನೆಯನ್ನು ಹೊರದಬ್ಬುವ ಮೊದಲ ಶಕ್ತಿ ನೆಲದ ಬೆಲೆ. ಆಡುಗೋಡಿಯಲ್ಲಿ ದಶಕಗಳ ಕಾಲ ಮೈಕೋ ಎಂದೇ ಜನ ಕರೆದ ಬಾಷ್ ಕಂಪನಿ 2015ರಲ್ಲಿ ಬಿಡದಿಯಲ್ಲಿ ಹೊಸ ಕಾರ್ಖಾನೆ ತೆರೆದು ಉತ್ಪಾದನೆಯನ್ನು ಅಲ್ಲಿಗೆ ಒಯ್ದಿತು. ಆಡುಗೋಡಿಯ ಹಳೆಯ ಆವರಣದಲ್ಲಿ ಈಗ ಕಚೇರಿ, ಸಂಶೋಧನೆ. ಬಿಡದಿ ನಮ್ಮ ರಾಜ್ಯದೊಳಗೇ ಇದ್ದುದರಿಂದ ಯಾರೂ ಕಂಗಾಲಾಗಲಿಲ್ಲ. ಅದೇ ಶಕ್ತಿ ದಕ್ಷಿಣದ ಕಡೆ ತಳ್ಳಿದರೆ ನಲವತ್ತು ಕಿಲೋಮೀಟರಿಗೆ ರಾಜ್ಯವೇ ಮುಗಿದುಹೋಗುತ್ತದೆ, ಆಗ ಅದು ಸುದ್ದಿ.

ತಮಿಳುನಾಡು ಈ ಭೂಗೋಳವನ್ನು ಐವತ್ತು ವರ್ಷ ಹಿಂದೆಯೇ ಓದಿಕೊಂಡಿತ್ತು. ಹೊಸೂರು ಆಗ ಹಿಂದುಳಿದ ಧರ್ಮಪುರಿ ಜಿಲ್ಲೆಯಲ್ಲಿತ್ತು; ಮನೆಯಲ್ಲಿ ಕನ್ನಡ ಅಥವಾ ತೆಲುಗು, ಕಚೇರಿಯಲ್ಲಿ ತಮಿಳು ಎನ್ನುವಂಥ ಊರು. ಚೆನ್ನೈಯಿಂದ ಮುನ್ನೂರು ಕಿಲೋಮೀಟರ್. 1970ರ ದಶಕದಲ್ಲಿ ಆ ರಾಜ್ಯದ ಕೈಗಾರಿಕಾ ನಿಗಮ ಸಿಪ್ಕಾಟ್ ಅಲ್ಲಿ ನಿವೇಶನ ಹಾಕಿತು. ಅಶೋಕ್ ಲೇಲ್ಯಾಂಡ್ ಬಂತು, ಮೊಪೆಡ್ ಮಾಡಲು ಟಿವಿಎಸ್ ಬಂತು, ಟೈಟಾನ್ ಬಂತು. ಬೆಂಗಳೂರಿನ ಎಂಜಿನಿಯರು, ಪೀಣ್ಯದ ಜಾಬ್‌ವರ್ಕ್, ಬೆಂಗಳೂರಿನ ಶಾಲೆ, ವಿಮಾನ ನಿಲ್ದಾಣ, ಎಲ್ಲವನ್ನೂ ಬಳಸಿಕೊಂಡು, ಜಮೀನು ಮಾತ್ರ ತಮಿಳುನಾಡಿನ ದರದಲ್ಲಿ. ಈಚೆಗೆ ಈಥರ್ ಎನರ್ಜಿ ವೈಟ್‌ಫೀಲ್ಡಿನಲ್ಲಿದ್ದ ಸ್ಕೂಟರ್ ತಯಾರಿಕೆಯನ್ನು 2021ರಲ್ಲಿ ಹೊಸೂರಿಗೆ ಒಯ್ದಿತು. ಓಲಾ ಎಲೆಕ್ಟ್ರಿಕ್ ಬೆಂಗಳೂರಿನ ಕೋರಮಂಗಲದಲ್ಲಿ ಕೂತು ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯಲ್ಲಿ 500 ಎಕರೆಯ ಕಾರ್ಖಾನೆ ಕಟ್ಟಿತು. ಎರಡೂ ಕನ್ನಡದ ನೆಲದಲ್ಲಿ ಬೆಳೆದ ಕಂಪನಿಗಳೇ.

ಆಂಧ್ರ ಅದೇ ಆಟವನ್ನು ಉತ್ತರದ ಗಡಿಯಲ್ಲಿ ಆಡಿತು. 2017ರಲ್ಲಿ ಚಂದ್ರಬಾಬು ನಾಯ್ಡು ಕಿಯಾ ಕಾರಿನ ಕಂಪನಿಯನ್ನು ಬರಗಾಲದ ಅನಂತಪುರ ಸೀಮೆಯ ಪೆನುಕೊಂಡಕ್ಕೆ ತಂದರು. ಬೆಂಗಳೂರು-ಹೈದರಾಬಾದ್ ಹೆದ್ದಾರಿ ಪಕ್ಕ, ನಮ್ಮ ವಿಮಾನ ನಿಲ್ದಾಣಕ್ಕೆ ಎರಡು ತಾಸಿನೊಳಗಿನ ದಾರಿ. ಕುಡಿಯಲು ನೀರಿಲ್ಲದ ಊರಿಗೆ ಹಂದ್ರಿ-ನೀವಾ ಯೋಜನೆಯ ಗೊಲ್ಲಪಲ್ಲಿ ಜಲಾಶಯದಿಂದ ಕಾರ್ಖಾನೆಗೆ ನೀರು ಬಂತು. 2019ರ ಆಗಸ್ಟ್‌ನಲ್ಲಿ ಮೊದಲ ಸೆಲ್ಟೋಸ್ ಮಾರುಕಟ್ಟೆಗೆ ಹೊರಟಿತು. ಇಲ್ಲೊಂದು ತಮಾಷೆಯಿದೆ. ಜಿಎಸ್‌ಟಿ ಬಂದ ಮೇಲೆ ತೆರಿಗೆ ಸೇರುವುದು ವಸ್ತು ತಯಾರಾದ ರಾಜ್ಯಕ್ಕಲ್ಲ, ಬಳಕೆಯಾದ ರಾಜ್ಯಕ್ಕೆ. ಪೆನುಕೊಂಡದಲ್ಲಿ ತಯಾರಾದ ಕಾರನ್ನು ಜಯನಗರದವರು ಕೊಂಡರೆ ರಾಜ್ಯದ ಪಾಲಿನ ತೆರಿಗೆ ಬರುವುದು ಕರ್ನಾಟಕಕ್ಕೆ. ಜಾಗ, ನೀರು, ರಿಯಾಯಿತಿ ಕೊಟ್ಟದ್ದು ಆಂಧ್ರ. ಆದರೂ ಆಂಧ್ರ ಬೇಡ ಎನ್ನಲಿಲ್ಲ, ಏಕೆಂದರೆ ಅದಕ್ಕೆ ಬೇಕಿದ್ದದ್ದು ತೆರಿಗೆಗಿಂತ ಮೊದಲು ಐಟಿಐ ಮುಗಿಸಿದ ಹುಡುಗರಿಗೆ ಕೆಲಸ.

2025ರ ಜುಲೈನಲ್ಲಿ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ ವೈಮಾನಿಕ ಉದ್ಯಮಕ್ಕೆಂದು ಗೊತ್ತುಮಾಡಿದ್ದ 1,777 ಎಕರೆ ಸ್ವಾಧೀನವನ್ನು ಸರ್ಕಾರ ಕೈಬಿಟ್ಟಿತು. ಮೂರು ವರ್ಷಕ್ಕೂ ಮೀರಿ ಧರಣಿ ಕೂತ ರೈತರ ಗೆಲುವು ಅದು. ಕೂಡಲೇ ಆಂಧ್ರದ ಮಂತ್ರಿ ನಾರಾ ಲೋಕೇಶ್ ವೈಮಾನಿಕ ಉದ್ಯಮಗಳಿಗೆ ಬಾಗಿಲು ತೆರೆದೆವು ಎಂದರು. ಹಿಂದಿನ ವರ್ಷ ನಮ್ಮ ಸರ್ಕಾರ ಖಾಸಗಿ ಕೆಲಸಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ತರಹೋಗಿ ತಾನೇ ತಡೆಹಿಡಿದಾಗಲೂ ವಿಶಾಖಪಟ್ಟಣಕ್ಕೆ ಬನ್ನಿ ಎಂದಿದ್ದರು. ಇದನ್ನು ರೈತರ ಹಟದಿಂದ ರಾಜ್ಯಕ್ಕಾದ ನಷ್ಟ ಎಂದು ಓದುವವರ ಜೊತೆ ನಾನಿಲ್ಲ. ಬೆಂಗಳೂರಿಗೆ ರೇಷ್ಮೆ, ದ್ರಾಕ್ಷಿ, ಸೊಪ್ಪು ಕೊಡುವ ನೆಲವನ್ನೇ ಕೈಗಾರಿಕೆಗೆ ಗುರುತಿಸಿದವರು ಯಾರು ಎಂಬುದು ಮೊದಲ ಪ್ರಶ್ನೆ. ಅದೇ ವಿಮಾನ ನಿಲ್ದಾಣದಿಂದ ಒಂದೆರಡು ತಾಸು ದೂರದ ಒಣ ತಾಲ್ಲೂಕುಗಳಿಗೆ ಆಂಧ್ರದವರು ಕಂಪನಿಯನ್ನು ಒಯ್ಯಬಲ್ಲರಾದರೆ, ಪಾವಗಡ, ಮಧುಗಿರಿಗೆ ನಾವು ಯಾಕೆ ಒಯ್ಯಲಾರೆವು? ಪೆನುಕೊಂಡಕ್ಕೆ ನೀರು ತಂದಂತೆ ಇಲ್ಲಿಗೂ ನೀರು ತರಬೇಕಾಗುತ್ತದೆ, ಅಷ್ಟೆ. ಹೂಡಿಕೆದಾರರನ್ನು ಕರೆಯುವ ಜಾಹೀರಾತಿನ ಖರ್ಚಿಗಿಂತ ಅದು ಹೆಚ್ಚೇ ಇರಬಹುದು.

ಹೊಸೂರಿಗೂ ಇದು ಖಾಯಂ ಗೆಲುವಲ್ಲ. 2024ರ ಜೂನ್‌ನಲ್ಲಿ ಈಥರ್ ತನ್ನ ಮುಂದಿನ ಕಾರ್ಖಾನೆಯನ್ನು ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದಲ್ಲಿ, ಸುಮಾರು 2,000 ಕೋಟಿ ರೂಪಾಯಿಗೆ ಕಟ್ಟಲಿದೆ ಎಂದು ಪ್ರಕಟವಾಯಿತು. ಸ್ಕೂಟರು ಕೊಳ್ಳುವವರು ಉತ್ತರದಲ್ಲಿ, ಪಶ್ಚಿಮದಲ್ಲಿ ಹೆಚ್ಚುತ್ತಿರುವಾಗ ದಕ್ಷಿಣದ ತುದಿಯಿಂದ ಲಾರಿಯಲ್ಲಿ ಹೊತ್ತು ಒಯ್ಯುವ ಖರ್ಚು ಯಾಕೆ ಎಂಬ ಲೆಕ್ಕ. ಹೊಸೂರಿನ ಲೈನ್ ನಿಂತಿಲ್ಲ. ಮುಂದಿನ ಲೈನ್ ಮಾತ್ರ ಅಲ್ಲಿಗೆ ಬರಲಿಲ್ಲ.

ಈ ಎಲ್ಲ ಲೆಕ್ಕದಲ್ಲಿ ಕಾರ್ಮಿಕರು ಎಲ್ಲಿದ್ದಾರೆ? ನೋಂದಾಯಿತ ಕಚೇರಿಯ ವಿಳಾಸ ಬದಲಿಸುವಾಗ, ಇದರಿಂದ ಯಾವ ನೌಕರನನ್ನೂ ತೆಗೆಯುವುದಿಲ್ಲ ಎಂದು ಕಂಪನಿ ಪ್ರಮಾಣಪತ್ರ ಸಲ್ಲಿಸಬೇಕು. ವಿಳಾಸ ಬದಲಾದರೆ ಹೇಗೂ ಯಾರ ಕೆಲಸವೂ ಹೋಗುವುದಿಲ್ಲ. ಲೈನ್ ಬೇರೆ ರಾಜ್ಯಕ್ಕೆ ಹೋದಾಗ, ಗುತ್ತಿಗೆದಾರನ ಮೂಲಕ ಬಂದ ಕಾರ್ಮಿಕನಿಗೆ ಅಂಥ ಪ್ರಮಾಣಪತ್ರವನ್ನು ಯಾರೂ ಬರೆದುಕೊಡುವುದಿಲ್ಲ. ಅವನ ಗೇಟ್‌ಪಾಸ್ ನವೀಕರಣವಾಗುವುದಿಲ್ಲ. ಅಮೆರಿಕದ ಹಲವು ರಾಜ್ಯಗಳು ರಿಯಾಯಿತಿ ಕೊಡುವಾಗ, ಹೇಳಿದಷ್ಟು ಕೆಲಸ ಕೊಡದೆ ಹೋದರೆ ಕೊಟ್ಟದ್ದನ್ನು ವಾಪಸು ಪಡೆಯುವ ಷರತ್ತನ್ನು ಒಪ್ಪಂದದಲ್ಲೇ ಬರೆಯುತ್ತವೆ. ಸಿಂಗೂರಿನಲ್ಲಿ ಆದದ್ದು ತಿರುಗುಮುರುಗು. 2016ರಲ್ಲಿ ಸುಪ್ರೀಂ ಕೋರ್ಟ್ ಸ್ವಾಧೀನವನ್ನೇ ರದ್ದು ಮಾಡಿ ರೈತರಿಗೆ ಜಮೀನು ಹಿಂದಿರುಗಿಸಲು ಹೇಳಿತು. 2023ರ ಅಕ್ಟೋಬರ್‌ನಲ್ಲಿ ಮಧ್ಯಸ್ಥಿಕೆ ನ್ಯಾಯಮಂಡಳಿ, ಬಂಗಾಳದ ಕೈಗಾರಿಕಾಭಿವೃದ್ಧಿ ನಿಗಮವೇ ಟಾಟಾ ಮೋಟರ್ಸ್‌ಗೆ 765.78 ಕೋಟಿ ರೂಪಾಯಿಯನ್ನು, 2016ರಿಂದ ಶೇ 11ರ ಬಡ್ಡಿ ಸೇರಿಸಿ, ಕೊಡಬೇಕು ಎಂದು ತೀರ್ಪಿತ್ತಿತು. ಕಾರು ಬರದ ಕಾರ್ಖಾನೆಯ ಬಿಲ್ಲು ಬಂದಿರುವುದು ಬಂಗಾಳದ ತೆರಿಗೆದಾರರ ಹೆಸರಿಗೆ.